ಚಿತ್ರಕೂಟದ ಹಸಿರು ಮರಳುಗಲ್ಲು: ಪೊಟ್ಯಾಸಿಯಂ ಹುಡುಕಿದ ಬಗೆ

ಗ್ಲಾಕೊನೈಟ್ ಅಂದರೆ ಪೊಟ್ಯಾಸಿಯಂ, ಕಬ್ಬಿಣ ಇರುವ ಹಸಿರು ಖನಿಜ. ಅದು ಹುಟ್ಟುವ ಬಗೆಯ ಬಗ್ಗೆ ಪಠ್ಯಪುಸ್ತಕ ಹೇಳುವುದು ಇಷ್ಟು: ಸುಮಾರು 50ರಿಂದ 500 ಮೀಟರ್ ಆಳದ ಕಡಲತಳ, ಹೂಳು ಬಂದು ಬೀಳುವುದು ತೀರಾ ನಿಧಾನ, ಸಣ್ಣ ಜೀವಿಗಳ ಹಿಕ್ಕೆಯ ಉಂಡೆಗಳು ಲಕ್ಷಾಂತರ ವರ್ಷಗಳಲ್ಲಿ ಹಸಿರಾಗುತ್ತವೆ. ಆದರೆ ನಾನು ನೋಡುತ್ತಿದ್ದುದು ಉತ್ತರ ಪ್ರದೇಶ-ಮಧ್ಯಪ್ರದೇಶ ಗಡಿಯ ಚಿತ್ರಕೂಟದ ಸುತ್ತಲಿನ ಸೆಮ್ರಿ ಎಂಬ ಶಿಲಾಸಮೂಹದ ಮರಳುಗಲ್ಲು, ಸುಮಾರು 160 ಕೋಟಿ ವರ್ಷ ಹಳೆಯದು. ಹಿಕ್ಕೆ ಹಾಕುವ ಪ್ರಾಣಿಯೇ ಇನ್ನೂ ಹುಟ್ಟಿರಲಿಲ್ಲ. ಅಲೆಯ ಗುರುತುಗಳೋ ಆಳವಿಲ್ಲದ ನೀರನ್ನೇ ಹೇಳುತ್ತವೆ. ಹಾಗಾದರೆ ಈ ಹಸಿರಿಗೆ ಪೊಟ್ಯಾಸಿಯಂ ಎಲ್ಲಿಂದ ಬಂತು?

ಮೊದಲ ಕೆಲಸ, ತಾಜಾ ಕಲ್ಲು ಒಡೆದುಕೊಳ್ಳುವುದು. ಹೊರಮೈಯಲ್ಲಿ ಗಾಳಿ-ಮಳೆಗೆ ಕಬ್ಬಿಣ ತುಕ್ಕಾಗಿ ಹಸಿರು ಕಂದಿಹೋಗಿರುತ್ತದೆ. ಆ ತುಂಡು ಯಾವ ವಿಶ್ಲೇಷಣೆಗೂ ಬಾರದು. ಒಳಗಿನ ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ತೇಯಿಸಿ ಸೂಕ್ಷ್ಮದರ್ಶಕದಡಿ ಇಟ್ಟೆ. ಹಸಿರಾಗಿ ಕಂಡದ್ದೆಲ್ಲ ಗ್ಲಾಕೊನೈಟ್ ಅಲ್ಲ, ಕ್ಲೋರೈಟ್ ಎಂಬ ಇನ್ನೊಂದು ಹಸಿರು ಖನಿಜವೂ ಇರಬಹುದು. ಅನುಮಾನವಿದ್ದರೆ, ಹರಳಿನ ಪದರಗಳ ನಡುವಿನ ಅಂತರ ಅಳೆಯಲು ಕ್ಷ-ಕಿರಣಕ್ಕೆ ಕೊಡುತ್ತೇನೆ: ಗ್ಲಾಕೊನೈಟ್ 10 ಆಂಗ್‌ಸ್ಟ್ರಾಂ ಬಳಿ ಶಿಖರ ತೋರಿಸುತ್ತದೆ, ಕ್ಲೋರೈಟ್ 14 ಮತ್ತು 7ರ ಬಳಿ.

ಉತ್ತರ ಸಿಕ್ಕಿದ್ದು ಅರೆಬರೆ ಹಸಿರಾದ ಕಣಗಳಲ್ಲಿ. ಪೂರ್ತಿ ಹಸಿರಾದ ಕಣ ಚೆಂದ, ಆದರೆ ತನ್ನ ಹುಟ್ಟಿನ ಗುರುತನ್ನೆಲ್ಲ ಅಳಿಸಿಕೊಂಡಿರುತ್ತದೆ. ಅರೆಬರೆ ಕಣದಲ್ಲಿ, ಗ್ರಾನೈಟಿನಲ್ಲಿ ಹೇರಳವಾಗಿರುವ, ಪೊಟ್ಯಾಸಿಯಂ ಉಳ್ಳ ಖನಿಜವಾದ ಫೆಲ್ಡ್‌ಸ್ಪಾರ್ ಇನ್ನೂ ಉಳಿದಿದೆ, ಅದರ ಸೀಳುಗೆರೆಗಳಗುಂಟ ಹಸಿರು, ಗೆದ್ದಲು ಹಿಡಿದ ಮರದಂತೆ, ಒಳಕ್ಕೆ ತಿಂದುಕೊಂಡು ಹೋಗಿದೆ. ಪಕ್ಕದಲ್ಲೇ ಬುಂದೇಲ್‌ಖಂಡದ ಗ್ರಾನೈಟ್ ಇರುವಾಗ ಫೆಲ್ಡ್‌ಸ್ಪಾರ್‌ಗೆ ಬರವೇ?

ಸಣ್ಣ ಬಿಂದುವಿನ ರಾಸಾಯನಿಕ ಸಂಯೋಜನೆ ಅಳೆಯುವ ಎಲೆಕ್ಟ್ರಾನ್ ಪ್ರೋಬ್‌ನಲ್ಲಿ ಅಂಥ ಕಣದ ಅಡ್ಡಕ್ಕೆ ಬಿಂದು ಬಿಂದುವಾಗಿ ಅಳೆಯಬೇಕು. ಸಾಮಾನ್ಯ ಜೇಡಿಯಿಂದ ಶುರುವಾದ ಕಣದಲ್ಲಿ ಪಕ್ವವಾದಂತೆ ಪೊಟ್ಯಾಸಿಯಂ ಏರುತ್ತದೆ. ಇಲ್ಲಿ ತಿರುಗುಮುರುಗು: ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್‌ನಲ್ಲಿ ಆಕ್ಸೈಡ್ ಲೆಕ್ಕದಲ್ಲಿ ಸುಮಾರು ಶೇ. 16 ಇದ್ದದ್ದು ಹಸಿರು ಭಾಗದಲ್ಲಿ 7-8ಕ್ಕೆ ಇಳಿಯುತ್ತದೆ, ಕಬ್ಬಿಣ ಏರುತ್ತದೆ. ಕಣಗಳ ಸಂದಿನ ನೀರಲ್ಲಿ ಆಮ್ಲಜನಕ ಕಡಿಮೆಯಿದ್ದಾಗ ಕರಗಿ ಬಂದ ಕಬ್ಬಿಣ ಅದು. ಖನಿಜದೊಳಗೆ ಕೂತಾಗ ಬಹುಪಾಲು ಉತ್ಕರ್ಷಿತ ರೂಪದಲ್ಲಿದೆ. ಅಂದರೆ ಆಮ್ಲಜನಕ ತೀರಾ ಇಲ್ಲದೆಯೂ ಇರಬಾರದು, ಧಾರಾಳವಾಗಿಯೂ ಇರಬಾರದು. ಪೊಟ್ಯಾಸಿಯಂ ಕಣದಲ್ಲೇ ಇದ್ದುದರಿಂದ ಕಡಲನೀರಿನಿಂದ ಹೀರಿಕೊಳ್ಳುತ್ತಾ ಅಷ್ಟು ಕಾಲ ಕಾಯಬೇಕಾಗಿರಲಿಲ್ಲ. ಆಳವಿಲ್ಲದ ಕಡಲಲ್ಲೂ ಹಸಿರು ಮೂಡಿದ್ದಕ್ಕೆ ನನಗೆ ಒಪ್ಪುವ ಕಾರಣ ಇದೇ.

ಇದೇ ಅರೆಬರೆ ಕಣಗಳು ವಯಸ್ಸು ಅಳೆಯುವವರಿಗೆ ಮಾತ್ರ ತಲೆನೋವು. ವಿಕಿರಣಶೀಲ ಪೊಟ್ಯಾಸಿಯಂ ಕ್ಷಯಿಸಿ ಕೂಡಿಟ್ಟ ಆರ್ಗಾನ್ ಅನಿಲದಿಂದ ವಯಸ್ಸು ಲೆಕ್ಕ ಹಾಕುವ ಪೊಟ್ಯಾಸಿಯಂ-ಆರ್ಗಾನ್ ವಿಧಾನಕ್ಕೆ ಕಣ ಆರಿಸುವಾಗ ಅವನ್ನು ಒಂದೊಂದಾಗಿ ತೆಗೆದುಹಾಕುತ್ತೇನೆ. ಒಳಗುಳಿದ ಫೆಲ್ಡ್‌ಸ್ಪಾರ್ ಇನ್ನೂ ಹಳೆಯ ಗ್ರಾನೈಟ್ ಕಾಲದ ಆರ್ಗಾನನ್ನು ಹೊತ್ತುಕೊಂಡೇ ಬಂದಿರುತ್ತದೆ, ಅದರಿಂದ ವಯಸ್ಸು ಇರುವುದಕ್ಕಿಂತ ಹೆಚ್ಚು ಬರುತ್ತದೆ.