ಮರಕ್ಕೊಂದು ಡೇರೆ: ‘ಟೆಂಟ್ಸ್’ ಒಗಟಿನ ನಿಯಮಗಳು ಮತ್ತು ಆಡುವ ಕ್ರಮ

ದೂರದ ಕಂಪ್ಯೂಟರಿನೊಡನೆ ಸಂಪರ್ಕ ಸಾಧಿಸಲು ಬಳಸುವ ‘ಪುಟ್ಟಿ’ (PuTTY) ಎಂಬ ತಂತ್ರಾಂಶದಿಂದ ಹೆಸರಾದ ಬ್ರಿಟನ್ನಿನ ಪ್ರೋಗ್ರಾಮರ್ ಸೈಮನ್ ಟ್ಯಾಥಮ್ ಅವರು 2004ರಿಂದ ಬೆಳೆಸುತ್ತ ಬಂದಿರುವ ಉಚಿತ ಒಗಟುಗಳ ಸಂಗ್ರಹದಲ್ಲಿ ‘ಟೆಂಟ್ಸ್’ ಎಂಬ ಆಟವೂ ಇದೆ. ವಿಂಡೋಸ್, ಲಿನಕ್ಸ್ ಮತ್ತು ಆಂಡ್ರಾಯ್ಡ್‌ಗಳಲ್ಲಿ ಇದನ್ನು ಒಮ್ಮೆ ಹಾಕಿಕೊಂಡರೆ ಆಮೇಲೆ ಇಂಟರ್ನೆಟ್ಟಿನ ಹಂಗಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಆಗಾಗ ನೆಟ್‌ವರ್ಕ್ ಕೈಕೊಡುವ ಮೂಡಿಗೆರೆ, ಸಕಲೇಶಪುರದ ಕಡೆಯ ಮನೆಗಳಿಗೆ ಇದು ಒಳ್ಳೆಯ ಜೊತೆ. ಮೆನುಗಳು ಇಂಗ್ಲಿಷಿನಲ್ಲಿದ್ದರೂ ಆಟದ ಅಂಗಳದಲ್ಲಿ ಮರ, ಡೇರೆ, ಅಂಕಿಗಳನ್ನು ಬಿಟ್ಟು ಬೇರೇನೂ ಇಲ್ಲದಿರುವುದರಿಂದ, ಹಾಸನ ಅಥವಾ ಚಿಕ್ಕಮಗಳೂರಿನ ಕನ್ನಡ ಶಾಲೆಯ ಮಕ್ಕಳೂ ಯಾರ ನೆರವಿಲ್ಲದೆ ಆಡಬಹುದು.

ಪರದೆಯ ಮೇಲೆ ಚೌಕಾಕಾರದ ಮನೆಗಳಿರುವ ಒಂದು ಅಂಗಳ ಕಾಣಿಸುತ್ತದೆ. ಕೆಲವು ಮನೆಗಳಲ್ಲಿ ಆಗಲೇ ಮರಗಳಿರುತ್ತವೆ. ಉಳಿದ ಮನೆಗಳಲ್ಲಿ ಕೆಲವನ್ನು ಆರಿಸಿ, ಮರಗಳಷ್ಟೇ ಸಂಖ್ಯೆಯ ಡೇರೆಗಳನ್ನು ನಾವು ಹಾಕಬೇಕು. ಪ್ರತಿ ಅಡ್ಡಸಾಲು ಮತ್ತು ಕಂಬಸಾಲಿನ ಅಂಚಿನಲ್ಲಿ ಒಂದು ಅಂಕಿ ಇರುತ್ತದೆ, ಆ ಸಾಲಿನಲ್ಲಿ ಅಷ್ಟೇ ಡೇರೆಗಳಿರಬೇಕು. ಯಾವ ಎರಡು ಡೇರೆಗಳೂ ಒಂದಕ್ಕೊಂದು ತಾಗಕೂಡದು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮಾತ್ರವಲ್ಲ, ಮೂಲೆಗೆ ಮೂಲೆ ತಾಗುವುದೂ ನಿಷಿದ್ಧ.

ಹೊಸಬರು ಎಡವುವುದು ಉಳಿದಿರುವ ಒಂದು ನಿಯಮದಲ್ಲಿ. ಪ್ರತಿ ಮರಕ್ಕೂ ಅದರದೇ ಆದ ಒಂದು ಡೇರೆ, ಪ್ರತಿ ಡೇರೆಗೂ ಅದರದೇ ಆದ ಒಂದು ಮರ ಇರಬೇಕು, ಮತ್ತು ಈ ಜೋಡಿ ಮೂಲೆಯಲ್ಲಿ ತಾಗದೆ ನೇರವಾಗಿ ಅಕ್ಕಪಕ್ಕದಲ್ಲೋ ಮೇಲೆ ಕೆಳಗೋ ಇರಬೇಕು. ಹಾಗೆಂದು ಒಂದು ಡೇರೆಯ ಪಕ್ಕದಲ್ಲಿ ಎರಡು ಮರಗಳು ಇರಲೇಬಾರದು ಎಂದಲ್ಲ. ಕಾಫಿ ತೋಟದಲ್ಲಿ ಒಂದು ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯ ಎಲೆ ಪಕ್ಕದ ಮರವನ್ನು ಸವರಿದರೂ ಬಳ್ಳಿ ಯಾವ ಮರದ್ದೆಂಬ ಲೆಕ್ಕ ಹೇಗೆ ತಪ್ಪುವುದಿಲ್ಲವೋ, ಇಲ್ಲಿಯೂ ಹಾಗೆಯೇ: ಡೇರೆ ಎಷ್ಟು ಮರಗಳ ಪಕ್ಕದಲ್ಲಾದರೂ ನಿಲ್ಲಬಹುದು, ಆದರೆ ಲೆಕ್ಕಕ್ಕೆ ಒಂದು ಮರದ್ದು ಮಾತ್ರ. ಎರಡು ಮರಗಳು ಒಂದೇ ಡೇರೆಯನ್ನು ಹಂಚಿಕೊಳ್ಳುವಂತಿಲ್ಲ.

ಇನ್ನು ಆಡುವ ಕ್ರಮ. ಖಾಲಿ ಮನೆಯ ಮೇಲೆ ಮೌಸಿನ ಎಡಗುಂಡಿ ಒತ್ತಿದರೆ ಡೇರೆ ಬೀಳುತ್ತದೆ. ಬಲಗುಂಡಿ ಒತ್ತಿದರೆ ಆ ಮನೆ ಹಸಿರಾಗುತ್ತದೆ, ಅಂದರೆ ಇಲ್ಲಿ ಡೇರೆ ಇರಲು ಸಾಧ್ಯವಿಲ್ಲ ಎಂದು ನೀವು ಗುರುತು ಹಾಕಿಕೊಂಡಂತೆ. ಡೇರೆಯಾಗಲಿ ಹಸಿರಾಗಲಿ ಇರುವ ಮನೆಯ ಮೇಲೆ ಯಾವ ಗುಂಡಿ ಒತ್ತಿದರೂ ಅದು ಮತ್ತೆ ಖಾಲಿಯಾಗುತ್ತದೆ. ಬಲಗುಂಡಿಯನ್ನು ಒತ್ತಿ ಹಿಡಿದು ಒಂದು ಸಾಲಿನುದ್ದಕ್ಕೂ ಎಳೆದರೆ ಆ ಸಾಲಿನ ಖಾಲಿ ಮನೆಗಳು ಮಾತ್ರ ಹಸಿರಾಗುತ್ತವೆ. ಅಲ್ಲಿರುವ ಮರ ಮತ್ತು ಡೇರೆಗಳಿಗೆ ಏನೂ ಆಗುವುದಿಲ್ಲ. ಒಂದು ಸಾಲಿನ ಡೇರೆಗಳ ಲೆಕ್ಕ ಮುಗಿದೊಡನೆ ಉಳಿದ ಮನೆಗಳನ್ನು ಒಂದೇ ಎಳೆತದಲ್ಲಿ ಮುಚ್ಚಲು ಈ ಸೌಲಭ್ಯ ತುಂಬ ಅನುಕೂಲ.

ಮೌಸ್ ಇಲ್ಲದವರು ಬಾಣದ ಕೀಲಿಗಳಿಂದ ಅಂಗಳದಲ್ಲಿ ಓಡಾಡಬಹುದು. ಎಂಟರ್ ಕೀಲಿ ಡೇರೆ ಹಾಕುತ್ತದೆ, ಸ್ಪೇಸ್ ಕೀಲಿ ಹಸಿರು ಬಳಿಯುತ್ತದೆ. ಶಿಫ್ಟ್ ಹಿಡಿದುಕೊಂಡು ಬಾಣದ ಕೀಲಿ ಒತ್ತಿದರೆ ದಾರಿಯಲ್ಲಿ ಸಿಗುವ ಖಾಲಿ ಮನೆಗಳೆಲ್ಲ ಹಸಿರಾಗುತ್ತವೆ. ಅದೇ ಕೆಲಸವನ್ನು ಕಂಟ್ರೋಲ್ ಹಿಡಿದುಕೊಂಡು ಮಾಡಿದರೆ ಅಲ್ಲಿದ್ದ ಡೇರೆಗಳೂ ಅಳಿಸಿ ಹಸಿರಾಗುವುದರಿಂದ, ಈ ಎರಡು ಕೀಲಿಗಳ ವಿಷಯದಲ್ಲಿ ಬೆರಳು ಜೋಪಾನ. ಯು ಅಕ್ಷರ ಒತ್ತಿದರೆ ಒಂದು ಹೆಜ್ಜೆ ಹಿಂದಕ್ಕೆ, ಆರ್ ಒತ್ತಿದರೆ ಮತ್ತೆ ಮುಂದಕ್ಕೆ, ಎನ್ ಒತ್ತಿದರೆ ಹೊಸ ಒಗಟು. ಫೋನಿನಲ್ಲಿ ಬೆರಳನ್ನು ತುಸು ಹೊತ್ತು ಒತ್ತಿ ಹಿಡಿದರೆ ಅದೇ ಬಲಗುಂಡಿಯ ಕೆಲಸ ಮಾಡುತ್ತದೆ.

ಡೇರೆಗಳು ತಾಗಿಕೊಂಡರೆ ಅಥವಾ ಸಾಲಿನ ಲೆಕ್ಕ ಮೀರಿದರೆ ಆಟವೇ ಕೆಂಪು ಬಣ್ಣದಲ್ಲಿ ಎಚ್ಚರಿಸುತ್ತದೆ. ಆದರೆ ಕೆಂಪು ಕಾಣಿಸಲಿಲ್ಲವೆಂದ ಮಾತ್ರಕ್ಕೆ ಇಟ್ಟ ಡೇರೆ ಸರಿಯಾದ ಜಾಗದಲ್ಲಿದೆ ಎಂದು ಭಾವಿಸಬೇಡಿ. ಸದ್ಯಕ್ಕೆ ಯಾವ ನಿಯಮವೂ ಮುರಿದಿಲ್ಲ ಎಂಬುದಷ್ಟೇ ಅದರ ಅರ್ಥ.

ಈ ಆಟದಲ್ಲಿ ಡೇರೆ ಹಾಕುವುದಕ್ಕಿಂತ ಹಸಿರು ಬಳಿಯುವುದೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಮೊದಲು ಸೊನ್ನೆ ಇರುವ ಸಾಲುಗಳನ್ನೂ, ಯಾವ ಮರಕ್ಕೂ ನೇರವಾಗಿ ತಾಗದ ಮನೆಗಳನ್ನೂ ಹಸಿರು ಮಾಡಿ ಮುಗಿಸಿ. ಇದಕ್ಕೆ ಯೋಚನೆಯೇ ಬೇಕಿಲ್ಲ, ಆದರೂ ಅರ್ಧ ಅಂಗಳ ಇಲ್ಲಿಯೇ ತೀರುವುದುಂಟು. ಅನಂತರ ಒಂದೇ ಒಂದು ಖಾಲಿ ಮನೆ ಉಳಿದಿರುವ ಮರಗಳನ್ನು ಹುಡುಕಿ, ಅಲ್ಲಿ ಡೇರೆ ಹಾಕಿ, ಆ ಡೇರೆಯ ಸುತ್ತಲಿನ ಎಂಟು ಮನೆಗಳಲ್ಲಿ ಖಾಲಿ ಇರುವುದನ್ನೆಲ್ಲ ಹಸಿರು ಮಾಡಿ.

ಅಲ್ಲಿಂದ ಮುಂದೆ ತರ್ಕ ಬೇಕಾಗುತ್ತದೆ. ಒಂದು ಮರಕ್ಕೆ ಬಲಗಡೆಯ ಮನೆ ಮತ್ತು ಕೆಳಗಿನ ಮನೆ ಎರಡೇ ಉಳಿದಿವೆ ಎನ್ನೋಣ. ಡೇರೆ ಯಾವುದರಲ್ಲಿ ಎಂದು ಈಗಲೇ ಹೇಳಲಾಗದಿದ್ದರೂ, ಮರದ ಬಲ-ಕೆಳ ಮೂಲೆಯ ಮನೆ ಆ ಎರಡಕ್ಕೂ ತಾಗುವುದರಿಂದ ಅಲ್ಲಿ ಡೇರೆ ಇರಲಾರದೆಂದು ಖಂಡಿತವಾಗಿ ಹೇಳಬಹುದು. ಹಾಗೆಯೇ ಒಂದು ಅಡ್ಡಸಾಲಿನಲ್ಲಿ ಅಕ್ಕಪಕ್ಕದ ಎರಡು ಮನೆಗಳ ಪೈಕಿ ಒಂದರಲ್ಲಿ ಡೇರೆ ಇರಲೇಬೇಕು ಎಂದು ತಿಳಿದರೆ, ಆ ಎರಡರ ನೇರ ಮೇಲಿನ ಮತ್ತು ನೇರ ಕೆಳಗಿನ ನಾಲ್ಕು ಮನೆಗಳೂ ಹಸಿರಾಗುತ್ತವೆ. ಸಾಲಿನಲ್ಲಿ ಇನ್ನು 3 ಡೇರೆ ಬಾಕಿ ಇದ್ದು, ಖಾಲಿ ಮನೆಗಳು ಒತ್ತಾಗಿ 5 ಮಾತ್ರ ಉಳಿದಿದ್ದರೆ, ಒಂದು ಬಿಟ್ಟು ಒಂದರಂತೆ 1, 3, 5ನೆಯ ಮನೆಗಳಲ್ಲದೆ ಬೇರೆ ದಾರಿಯಿಲ್ಲ. ಎಲ್ಲಿಯೂ ಊಹಿಸಬೇಡಿ, ಪ್ರತಿ ಒಗಟಿಗೂ ಒಂದೇ ಉತ್ತರವಿದ್ದು, ಅದನ್ನು ತರ್ಕದಿಂದಲೇ ತಲುಪಬಹುದು.

‘ಟೈಪ್’ ಮೆನುವಿನಲ್ಲಿ 8×8, 10×10, 15×15 ಅಳತೆಗಳು ‘ಈಸಿ’ ಮತ್ತು ‘ಟ್ರಿಕಿ’ ಎಂಬ ಎರಡು ಮಟ್ಟಗಳಲ್ಲಿ ಸಿಗುತ್ತವೆ. 15×15ರ ಸುಲಭ ಮಟ್ಟಕ್ಕಿಂತ 8×8ರ ಕಠಿಣ ಮಟ್ಟ ಹೆಚ್ಚು ಕಲಿಸುತ್ತದೆ, ದೊಡ್ಡದರಲ್ಲಿ ಹೆಚ್ಚುವುದು ಕಣ್ಣಿನ ಕೆಲಸ ಮಾತ್ರ. ಇಬ್ಬರು ಒಂದೇ ಒಗಟನ್ನು ಬಿಡಿಸಿ ನೋಡಬೇಕೆಂದಿದ್ದರೆ ‘ಗೇಮ್’ ಮೆನುವಿನ ‘ಸ್ಪೆಸಿಫಿಕ್’ ಎಂಬಲ್ಲಿ ಕಾಣಿಸುವ ಸಂಕೇತವನ್ನು ನಕಲು ಮಾಡಿ ವಾಟ್ಸಾಪಿನಲ್ಲಿ ಕಳುಹಿಸಿ. ಬೇಲೂರಿನಲ್ಲಿರುವ ಅಕ್ಕ ಅದನ್ನು ತನ್ನ ಕಂಪ್ಯೂಟರಿನ ಅದೇ ಜಾಗದಲ್ಲಿ ಅಂಟಿಸಿದರೆ, ಕಡೂರಿನಲ್ಲಿರುವ ತಮ್ಮನ ಪರದೆಯ ಮೇಲಿದ್ದ ಮರಗಳು, ಅಂಕಿಗಳು ಹಾಗೆಯೇ ಅವಳ ಪರದೆಯ ಮೇಲೂ ಮೂಡುತ್ತವೆ.