ಜರ್ಮನಿಗೆ ಹೊಸದಾಗಿ ಬಂದವರೇ, ಇಲ್ಲಿನ ಹುಳಿಹಣ್ಣುಗಳನ್ನು ಬಿಡಬೇಡಿ

ಏಪ್ರಿಲ್ ಬಂತೆಂದರೆ ಇಲ್ಲಿನ ಕನ್ನಡಿಗರಲ್ಲಿ ಮಾವಿನ ಪೆಟ್ಟಿಗೆಯದೇ ಮಾತು. ಆ ಆಸೆ ನನಗೂ ಇದೆ, ಖಂಡಿತ ತರಿಸಿಕೊಳ್ಳಿ. ಆದರೆ ಅದೇ ಹೊತ್ತಿಗೆ ನಿಮ್ಮ ಊರಿನ ವಾರದ ಸಂತೆಗೆ ಬಂದಿಳಿಯುವುದನ್ನೂ ಕಣ್ಣಿಟ್ಟು ನೋಡಿ. ಇಲ್ಲಿನದೆಲ್ಲ ಬರೀ ಹುಳಿ ಎಂದು ಮೂಗು ಮುರಿಯುವವರಿದ್ದಾರೆ. ಗೊಜ್ಜು, ಉಪ್ಪಿನಕಾಯಿ ತಿಂದು ಬೆಳೆದ ನಮಗೆ ಹುಳಿ ಒಂದು ದೋಷವೇ?

ಮೊದಲು ಬರುವುದು ರಬಾರ್ಬರ್. ಅದು ನಿಜವಾಗಿ ಹಣ್ಣಲ್ಲ, ಕೆಂಪು-ಹಸಿರು ದಂಟು. ಇಲ್ಲಿಯವರು ಹಣ್ಣಿನಂತೆ ಕೇಕಿಗೂ ಜಾಮಿಗೂ ಬಳಸುತ್ತಾರೆ. ನಾರು ಸುಲಿದು, ತುಂಡು ಮಾಡಿ, ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ. ನೋಡುನೋಡುತ್ತಲೇ ಕರಗುತ್ತದೆ. ಉಪ್ಪು, ಬೆಲ್ಲ, ಸಾರಿನ ಪುಡಿ ಬಿದ್ದರೆ ಗೊಜ್ಜು ಸಿದ್ಧ. ಹುಣಸೆಹಣ್ಣು ಬೇಡವೇ ಬೇಡ. ಎಲೆ ವಿಷ, ಎಸೆದುಬಿಡಿ. ದಂಟಿನಲ್ಲೂ ಆಕ್ಸಾಲಿಕ್ ಆಮ್ಲ ಇರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ತಿನ್ನದಿರುವುದು ಮೇಲು. ಜೂನ್ 24ರ ಸಂತ ಯೋಹಾನರ ಹಬ್ಬದ ಹೊತ್ತಿಗೆ ಇದರ ಕೊಯ್ಲು ನಿಲ್ಲುತ್ತದೆ. ಬುಡ ಮುಂದಿನ ವರ್ಷಕ್ಕೆ ಚೇತರಿಸಿಕೊಳ್ಳಬೇಕಲ್ಲ!

ಮೇ ಕೊನೆಯಿಂದ ಸ್ಟ್ರಾಬೆರಿ. ಊರ ಹೊರಗೆ ‘ನೀವೇ ಬಿಡಿಸಿಕೊಳ್ಳಿ’ ಎನ್ನುವ ಹೊಲಗಳಿವೆ. ಮಕ್ಕಳಿದ್ದರಂತೂ ತಪ್ಪದೆ ಹೋಗಿ. ಡಬ್ಬಿ ಮನೆಯಿಂದ ಒಯ್ದು, ಮೊದಲು ಖಾಲಿ ಡಬ್ಬಿಯನ್ನು ತೂಗಿಸಿ. ಚಿಲ್ಲರೆ ಕೈಯಲ್ಲಿರಲಿ. ಎಲೆ ಸರಿಸಿ, ತೊಟ್ಟಿನವರೆಗೂ ಕೆಂಪಾದದ್ದನ್ನೇ ಉಗುರಿನಿಂದ ಚಿವುಟಿ, ಹಸಿರು ಟೊಪ್ಪಿಗೆ ಹಣ್ಣಿಗೇ ಅಂಟಿರಲಿ. ಬಿಡಿಸಿದ ಮೇಲೆ ಸ್ಟ್ರಾಬೆರಿ ಹಣ್ಣಾಗುವುದಿಲ್ಲ, ಬಿಳಿ ಭುಜದ್ದು ಹಾಗೆಯೇ ಉಳಿಯುತ್ತದೆ. ಬೆಳಿಗ್ಗೆ ಹೋದರೆ ಹಣ್ಣು ತಂಪಾಗಿರುತ್ತದೆ. ತಿನ್ನುವ ಮುಂಚೆಯಷ್ಟೇ ತೊಳೆಯಿರಿ. ಚಳಿಗಾಲದಲ್ಲಿ ದೂರದಿಂದ ಬರುವ ಗಟ್ಟಿ ಸ್ಟ್ರಾಬೆರಿಗೆ ಆಮೇಲೆ ನೀವು ಕೈ ಹಾಕುವುದಿಲ್ಲ.

ಜೂನ್‌ನಲ್ಲಿ ಷ್ಟಾಖೆಲ್‌ಬೇರೆ, ಅಂದರೆ ಗೂಸ್‌ಬೆರಿ, ಕಂಡರೆ ಗಟ್ಟಿಯಾದ ಹಸಿರು ಕಾಯಿಗಳನ್ನೇ ಆರಿಸಿಕೊಳ್ಳಿ. ಎರಡು ಹೋಳು ಮಾಡಿ ಉಪ್ಪು, ಮೆಣಸಿನಪುಡಿ, ಇಂಗಿನ ಒಗ್ಗರಣೆ ಕೊಟ್ಟರೆ ಮೊಸರನ್ನದ ಜೊತೆಗೆ ಅಂಥ ಉಪ್ಪಿನಕಾಯಿ ಬೇರೆ ಬೇಕಿಲ್ಲ. ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ. ಚೆರ್ರಿಯ ಕಾಲ ಕಿರಿದು, ಕಂಡಾಗಲೇ ಕೊಳ್ಳಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಉದ್ದನೆಯ ನೇರಳೆ ಪ್ಲಮ್, ಅಂದರೆ ಟ್ಸ್ವೆಟ್ಷ್ಗೆ ಬರುತ್ತದೆ. ಮೇಲೆ ಬೂದಿ ಬಳಿದಂತಿರುವುದು ಔಷಧವಲ್ಲ, ಹಣ್ಣಿನದೇ ಮೇಣ.

ದಾರಿಬದಿಯ ಮರಗಳಿಗೂ ಸಾಮಾನ್ಯವಾಗಿ ಒಡೆಯರಿರುತ್ತಾರೆ, ಕೇಳದೆ ಕೀಳಬೇಡಿ. ಆದರೆ ಕೆಲವು ಊರುಗಳಲ್ಲಿ ಶರತ್ಕಾಲದ ಹೊತ್ತಿಗೆ ಸೇಬು, ಪ್ಲಮ್ ಮರಗಳಿಗೆ ಹಳದಿ ಪಟ್ಟಿ ಕಟ್ಟಿರುತ್ತಾರೆ. ಮನೆಗೆ ಬೇಕಾದಷ್ಟು ಯಾರು ಬೇಕಾದರೂ ಬಿಡಿಸಿಕೊಳ್ಳಬಹುದು ಎಂಬುದಕ್ಕೆ ಅದು ಗುರುತು. ನಿಮ್ಮ ಊರಿನಲ್ಲಿ ಈ ಪದ್ಧತಿ ಇದೆಯೇ ಎಂದು ಪುರಸಭೆಯಲ್ಲಿ ವಿಚಾರಿಸಿ. ಇದ್ದರೆ ಒಂದು ಬಟ್ಟೆ ಚೀಲ ಹಿಡಿದು ಹೊರಡಿ, ಕೊಂಬೆ ಮುರಿಯದಂತೆ ಬಿಡಿಸಿ.