ನೆಟ್‌ವರ್ಕ್ ಸಿಗದ ಎಸ್ಟೇಟ್ ದಾರಿಗೆ ಜಿಪಿಎಸ್ ಆರಿಸಿಕೊಂಡ ಬಗೆ

ನಾನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಪಂಪ್‌ಸೆಟ್ ರಿಪೇರಿ ಮಾಡುವವನು. ಮನೆ ಸಕಲೇಶಪುರದಲ್ಲಿ. ಕೆಲಸ ಮಾತ್ರ ಹಾನುಬಾಳು, ಮೂಡಿಗೆರೆ, ಆಲ್ದೂರು ಅಂತ ಚಿಕ್ಕಮಗಳೂರಿನ ಗಿರಿ ತಪ್ಪಲಿನವರೆಗೂ ಹರಡಿಕೊಂಡಿದೆ. ಅರೇಬಿಕಾ ಕೊಯ್ಲು ಶುರುವಾದರೆ ಪಲ್ಪರ್ ಕೆಲಸ. ಅದು ಮುಗಿಯುವ ಹೊತ್ತಿಗೆ ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ ಅಂತ ಸ್ಪ್ರಿಂಕ್ಲರ್ ಪಂಪುಗಳ ಕೆಲಸ. ಎರಡರಲ್ಲೂ ಯಾರಿಗೂ ಕಾಯುವಷ್ಟು ಪುರುಸೊತ್ತಿರುವುದಿಲ್ಲ. ಕೊಯ್ದ ಹಣ್ಣು ಅವತ್ತೇ ಪಲ್ಪ್ ಆಗಬೇಕು, ಇಲ್ಲದಿದ್ದರೆ ಹುಳಿಯುತ್ತದೆ. ಹೂವಿಗೆ ನೀರು ಬೇಕಾದ ಹೊತ್ತಿಗೆ ಪಂಪು ನಿಂತರೆ ಮುಂದಿನ ವರ್ಷದ ಫಸಲಿಗೇ ಪೆಟ್ಟು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಫೋನಿನಲ್ಲಿ ದಾರಿ ಹೇಳುವುದು ಹೀಗೆ: "ಅಣ್ಣಾ, ಬಸ್‌ಸ್ಟಾಪ್ ದಾಟಿ ಎಡಕ್ಕೆ ಮಣ್ಣು ರಸ್ತೆ ಬರುತ್ತೆ. ಕೆರೆ ಏರಿ ಮೇಲೆ ಬಂದು ಯಾರನ್ನಾದ್ರೂ ಕೇಳಿ." ಕೆರೆ ಏರಿ ಮೇಲೆ ಕೇಳುವುದಕ್ಕೆ ಯಾರೂ ಇರುವುದಿಲ್ಲ. ಇದ್ದರೂ ಎಸ್ಟೇಟಿನ ಹೆಸರು ಹೇಳಿದರೆ, "ಅದೇ ಹೆಸರಿಂದು ಮೂರಿದೆ, ನಿಮಗೆ ಯಾವ್ದು ಬೇಕು?" ಅಂತ ಅವರೇ ಕೇಳುತ್ತಾರೆ.

ಫೋನ್ ಮ್ಯಾಪ್ ಸಾಲದೇ ಅಂತ ಎಲ್ಲರೂ ಕೇಳುತ್ತಾರೆ. ಹಾಸನ ಪೇಟೆ, ಬೇಲೂರು, ಹಳೇಬೀಡು ಅಂತ ಸುತ್ತುವವರಿಗೆ ಖಂಡಿತ ಸಾಕು. ಸುಮ್ನೆ ದುಡ್ಡು ಹಾಕಬೇಡಿ. ಮೊಬೈಲ್ ನೆಟ್‌ವರ್ಕ್ ಹೋದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತಲೇ ಇರುತ್ತದೆ. ಅದು ಉಪಗ್ರಹದಿಂದ ಬರುವ ಸಿಗ್ನಲ್ ಕೇಳಿಸಿಕೊಳ್ಳುತ್ತದೆ ಅಷ್ಟೇ, ತಾನು ಏನನ್ನೂ ವಾಪಸ್ ಕಳಿಸುವುದಿಲ್ಲ. ನಿಂತುಹೋಗುವುದು ಮ್ಯಾಪು. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಆ ತಾಪತ್ರಯವೂ ಇಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆಂಡ್ ಎಂಬ ಆ್ಯಪ್‌ಗಳು ಇದಕ್ಕೆಂದೇ ಇವೆ.

ನನ್ನ ತೊಂದರೆ ಬೇರೆ. ನನ್ನ ಫೋನ್ ದಿನವಿಡೀ ಬಡಿದುಕೊಳ್ಳುತ್ತಲೇ ಇರುತ್ತದೆ. ತಿರುವು ಬರುವ ಹೊತ್ತಿಗೇ ಯಾರಾದರೂ ಬೇರಿಂಗ್ ನಂಬರ್ ಹೇಳುತ್ತಿರುತ್ತಾರೆ. ಮಾರ್ಚ್ ಬಿಸಿಲಿನಲ್ಲಿ ಗಾಜಿನ ಹಿಂದೆ ಇಟ್ಟರೆ ಕಾದು ಆಫ್ ಆಗುತ್ತದೆ. ಸಿಗ್ನಲ್ ಇಲ್ಲದ ಕಡೆ ಟವರ್ ಹುಡುಕಿ ಹುಡುಕಿಯೇ ಅದರ ಬ್ಯಾಟರಿ ಇಳಿಯುತ್ತದೆ. ಆ ಬ್ಯಾಟರಿ ನನಗೆ ಕರೆಗೆ ಬೇಕು. ಹಾಗಾಗಿ ದಾರಿ ತೋರಿಸುವುದಕ್ಕೇ ಒಂದು ಪ್ರತ್ಯೇಕ ನ್ಯಾವಿಗೇಟರ್ ತೆಗೆದುಕೊಳ್ಳೋಣ ಅಂತ ಹೊರಟೆ.

ಹಾಸನದ ಬಿ.ಎಂ. ರಸ್ತೆಯಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಗಳಿಗೆ ಹೋಗಿ "ಜಿಪಿಎಸ್ ಇದೆಯಾ?" ಅಂದರೆ ಮೊದಲು ಟ್ರ್ಯಾಕರ್ ತೋರಿಸಿದರು. ಅದು ಗಾಡಿ ಎಲ್ಲಿದೆ ಅಂತ ಮಾಲೀಕನಿಗೆ ಹೇಳುವ ವಸ್ತು, ಡ್ರೈವರ್‌ಗೆ ದಾರಿ ಹೇಳುವುದಲ್ಲ. ಆಮೇಲೆ ಆಂಡ್ರಾಯ್ಡ್ ಸ್ಟೀರಿಯೋ ತೋರಿಸಿದರು. ದೊಡ್ಡ ಸ್ಕ್ರೀನು, ನೋಡೋಕೆ ಚೆಂದ. ಅಂಗಡಿಯವರು ಮ್ಯಾಪ್ ತೋರಿಸಿದ್ದು ತಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ. ನನಗೆ ಅಲ್ಲೇ ಗೊತ್ತಾಯಿತು. ಬಿಸಿಲೆ ಘಾಟಿಯ ದಾರಿಯಲ್ಲಿ ಹಾಟ್‌ಸ್ಪಾಟ್ ಎಲ್ಲಿಂದ ತರುವುದು?

ಫೋನ್ ಬಂದ ಮೇಲೆ ಕಾರಿನ ನ್ಯಾವಿಗೇಟರ್‌ಗಳಿಗೆ ಬೇಡಿಕೆ ಕಡಿಮೆಯಾಗಿದೆ. ಒಂದು ಕಾಲಕ್ಕೆ ಮ್ಯಾಪ್‌ಮೈಇಂಡಿಯಾ, ಗಾರ್ಮಿನ್ ಎರಡೂ ನಮ್ಮಲ್ಲಿ ಓಡುತ್ತಿದ್ದವು. ನಮ್ಮ ಕಡೆ ಈಗ ಕೈಗೆ ಸಿಗುವುದು ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್ ಮಾಲು. ತಪ್ಪೇನಿಲ್ಲ, ನೋಡಿ ತೆಗೆದುಕೊಳ್ಳಬೇಕು ಅಷ್ಟೇ. ಸ್ಕ್ರೀನ್ ಎಷ್ಟು ಇಂಚು, ಬ್ಲೂಟೂತ್ ಇದೆಯೋ ಇಲ್ಲವೋ ಅಂತ ಅಂಗಡಿಯವರು ಹೇಳುತ್ತಲೇ ಹೋಗುತ್ತಾರೆ. ನಾನು ಹುಡುಕಿದ್ದು ಒಂದೇ: ಒಳಗಿರುವ ಮ್ಯಾಪ್ ನಮ್ಮ ಕಡೆಯ ರಸ್ತೆಗಳನ್ನು ಎಷ್ಟು ಬಲ್ಲದು, ಆ ಮ್ಯಾಪನ್ನು ನಾನೇ ಬದಲಾಯಿಸಬಹುದೋ ಇಲ್ಲವೋ.

ಮ್ಯಾಪಿನ ವಯಸ್ಸು ತಿಳಿಯುವುದಕ್ಕೆ ಒಂದು ಸುಲಭದ ದಾರಿ ಇದೆ. ಶಿರಾಡಿ ಘಾಟಿಯ ಹೆದ್ದಾರಿಯನ್ನು ತೆರೆದು ನಂಬರ್ ನೋಡಿ. ರಾಷ್ಟ್ರೀಯ ಹೆದ್ದಾರಿಗಳ ನಂಬರ್ ಬದಲಾಗಿದ್ದು 2010ರಲ್ಲಿ. ಹಿಂದೆ 48 ಇದ್ದದ್ದು ಈಗ 75. ಚಾರ್ಮಾಡಿಯದು 234 ಇತ್ತು, ಈಗ 73. ಈಗಿನ 48 ಎಂದರೆ ದೆಹಲಿಯಿಂದ ಚಿತ್ರದುರ್ಗ, ತುಮಕೂರು, ಬೆಂಗಳೂರಿನ ಮೇಲೆ ಚೆನ್ನೈಗೆ ಹೋಗುವ ರಸ್ತೆ. ಸಕಲೇಶಪುರದ ಮೇಲೆ ಇನ್ನೂ 48 ಅಂತ ತೋರಿಸುವ ನ್ಯಾವಿಗೇಟರ್‌ನ ಮ್ಯಾಪು ಅಜ್ಜನ ಕಾಲದ್ದು ಅಂತಲೇ ಲೆಕ್ಕ. ಊರಿನ ಹೆಸರಿನಲ್ಲೂ ಇದೇ ಕತೆ. ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ರಂದು. ಹಳೇ ಮ್ಯಾಪಿನಲ್ಲಿ ಎರಡು 'ಕೆ' ಹಾಕಿ ಹುಡುಕಿದರೆ ಊರೇ ಸಿಗುವುದಿಲ್ಲ.

ಆಮೇಲೆ ನನಗೆ ಚೆನ್ನಾಗಿ ಗೊತ್ತಿರುವ ಕೆಲವು ದಾರಿ ಕೇಳಿ ನೋಡಿದೆ. ಹೆತ್ತೂರಿನಿಂದ ಬಿಸಿಲೆ ಮೇಲೆ ಕುಕ್ಕೆಗೆ. ಕೊಟ್ಟಿಗೆಹಾರದಿಂದ ಕಳಸಕ್ಕೆ. ಕೈಮರದಿಂದ ಮುಳ್ಳಯ್ಯನಗಿರಿಗೆ. ಒಂದು ನ್ಯಾವಿಗೇಟರ್‌ನಲ್ಲಿ ಬೆಂಗಳೂರಿನ ಅಡ್ಡರಸ್ತೆಗಳೆಲ್ಲ ಇದ್ದವು, ಬಿಸಿಲೆ ರಸ್ತೆ ಮಾತ್ರ ಅರ್ಧಕ್ಕೇ ಮುಗಿದಿತ್ತು. ಅದನ್ನು ಹಾಗೇ ವಾಪಸ್ ಕೊಟ್ಟೆ. ನೀವು ತೆಗೆದುಕೊಳ್ಳುವಾಗಲೂ ನಿಮ್ಮೂರಿನ ದಾರಿಯನ್ನೇ ಕೇಳಿ. ಬೆಂಗಳೂರಿನ ಮೆಜೆಸ್ಟಿಕ್ ಯಾವ ಮ್ಯಾಪಿನಲ್ಲೂ ಇರುತ್ತದೆ.

ಹಳೇ ಮಾಲಿನಲ್ಲಿ ತಾರೀಕನ್ನೂ ನೋಡಬೇಕು. ಜಿಪಿಎಸ್ ವ್ಯವಸ್ಥೆ ವಾರಗಳನ್ನು ಎಣಿಸುತ್ತದೆ. 1,024 ವಾರ ಆದ ಮೇಲೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಕಳೆದ ಸಲ ಹೀಗಾಗಿದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕೆ ತಯಾರಾಗಿರದ ಹಳೇ ನ್ಯಾವಿಗೇಟರ್‌ಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಕು ತೋರಿಸುತ್ತವೆ. ಆದ್ದರಿಂದ ಬಯಲಲ್ಲಿ ಇಟ್ಟು, ಉಪಗ್ರಹ ಸಿಕ್ಕ ಮೇಲೆ ತಾರೀಕು ಸರಿ ಇದೆಯಾ ಅಂತ ನೋಡಿ. ತಪ್ಪಿದ್ದರೆ ಆ ಮಾಡೆಲ್‌ಗೆ ಸಾಫ್ಟ್‌ವೇರ್ ಅಪ್‌ಡೇಟ್ ಸಿಗುತ್ತದೋ ವಿಚಾರಿಸಿ. 'ಲೈಫ್‌ಟೈಮ್ ಮ್ಯಾಪ್' ಎಂಬ ಮಾತಿಗೂ ಮರುಳಾಗಬೇಡಿ. ಅದು ನಿಮ್ಮ ಲೈಫ್‌ಟೈಮ್ ಅಲ್ಲ, ಕಂಪನಿ ಆ ಮಾಡೆಲ್‌ಗೆ ಬೆಂಬಲ ಕೊಡುವವರೆಗಿನ ಲೈಫ್‌ಟೈಮ್.

ನಾನು ಕೊನೆಗೆ ತೆಗೆದುಕೊಂಡದ್ದು ಗಾರ್ಮಿನ್ ನೂವಿ, ಸೆಕೆಂಡ್‌ಹ್ಯಾಂಡ್, 5 ಇಂಚಿನದು. ಒಪ್ಪಿಕೊಳ್ಳುವುದಕ್ಕೆ ದೊಡ್ಡ ಕಾರಣ, ಅದರ ಮೆಮೊರಿ ಕಾರ್ಡಿಗೆ ನಾವೇ ಮ್ಯಾಪ್ ಹಾಕಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಯೋಜನೆ ಇದೆ. ಜನರೇ ಸೇರಿ ಮಾಡುವ ಮ್ಯಾಪು. ಅದನ್ನು ಗಾರ್ಮಿನ್‌ಗೆ ಹೊಂದುವಂತೆ ಪರಿವರ್ತಿಸಿದ ಫೈಲು ಪುಕ್ಕಟೆ ಸಿಗುತ್ತದೆ. ಕಾರ್ಡಿಗೆ ಕಾಪಿ ಮಾಡಿ, ಸೆಟ್ಟಿಂಗ್‌ನಲ್ಲಿ ಹಳೇ ಮ್ಯಾಪ್ ಆಫ್ ಮಾಡಿ ಇದನ್ನು ಆನ್ ಮಾಡಿದರೆ ಆಯಿತು. ಅದರಲ್ಲಿ ಇಲ್ಲದ ಹಳ್ಳಿ ರಸ್ತೆಗಳನ್ನು ನಾನೇ ಒಂದಷ್ಟು ಸೇರಿಸಿದ್ದೇನೆ. ಎಸ್ಟೇಟ್ ಒಳಗಿನ ರಸ್ತೆ ಸೇರಿಸುವಾಗ ಮಾಲೀಕರನ್ನು ಕೇಳಿ, ಖಾಸಗಿ ಅಂತ ಗುರುತು ಹಾಕುತ್ತೇನೆ. ಇಲ್ಲದಿದ್ದರೆ ಜಲಪಾತ ಹುಡುಕುವ ಪ್ರವಾಸಿಗರೆಲ್ಲ ಕಾಫಿ ಕಣಕ್ಕೇ ಬಂದು ನಿಲ್ಲುತ್ತಾರೆ.

ಸ್ಕ್ರೀನಿನ ವಿಷಯ. ಒತ್ತಿದರೆ ಕೆಲಸ ಮಾಡುವ ಹಳೇ ತರದ ಟಚ್ ಸ್ಕ್ರೀನೇ ನನಗೆ ಒಳ್ಳೆಯದು. ಕೈಯಲ್ಲಿ ಗ್ರೀಸ್ ಇರುತ್ತದೆ, ಮಳೆಯಲ್ಲಿ ಬೆರಳು ಒದ್ದೆ ಇರುತ್ತದೆ. ಫೋನಿನಂಥ ಸ್ಕ್ರೀನು ಒದ್ದೆ ಬೆರಳಿಗೆ ತಾನೇ ತಾನಾಗಿ ಎಲ್ಲೆಲ್ಲೋ ಹೋಗುತ್ತದೆ. ಇದು ಉಗುರಿನಿಂದ ಒತ್ತಿದರೂ ಕೇಳುತ್ತದೆ. ಮೇಲೆ ಹೊಳಪಿಲ್ಲದ ಪದರ ಇರುವುದರಿಂದ ಬಿಸಿಲಿಗೂ ಕಾಣುತ್ತದೆ.

ಸಿಗ್ನಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. "ನಮ್ಮ ಹಾಸನದಲ್ಲೇ ಉಪಗ್ರಹ ನಿಯಂತ್ರಿಸುವ ಎಂ.ಸಿ.ಎಫ್. ಇದೆಯಲ್ಲ, ಇಲ್ಲಿ ಜಿಪಿಎಸ್ ಚೆನ್ನಾಗಿ ಸಿಗಬೇಕು ಅಲ್ವಾ?" ಅಂತ ನನ್ನ ಗೆಳೆಯರೊಬ್ಬರು ಕೇಳಿದ್ದರು. ಸಾಲಗಾಮೆ ರಸ್ತೆಯ ಎಂ.ಸಿ.ಎಫ್. ನೋಡಿಕೊಳ್ಳುವುದು ಇಸ್ರೋದ ಉಪಗ್ರಹಗಳನ್ನು. ಜಿಪಿಎಸ್ ಅಮೆರಿಕದ್ದು, ಅದರ ನಿಯಂತ್ರಣ ಕೊಲೊರಾಡೋದಲ್ಲಿ. ಜಿಪಿಎಸ್ ತರದ್ದು ನಮ್ಮದೇ ಅನ್ನಿಸಿಕೊಂಡಿರುವುದು ಇಸ್ರೋದ ನಾವಿಕ್. ಅದರ ಸಿಗ್ನಲ್ ಹಿಡಿಯುವ ಚಿಪ್ ಕೆಲವು ಹೊಸ ಫೋನುಗಳಲ್ಲಿ ಇದೆ, ನನ್ನ ಹಳೇ ನೂವಿಯಲ್ಲಿ ಇಲ್ಲ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಜಾಗ ಸರಿಯಾಗಿ ಗೊತ್ತಾಗಬೇಕಾದರೆ ಕನಿಷ್ಠ 4 ಉಪಗ್ರಹ ಕಾಣಬೇಕು. ಬಯಲುಸೀಮೆಯಲ್ಲಿ ಇದು ಸಮಸ್ಯೆಯೇ ಅಲ್ಲ. ಘಾಟಿಯಲ್ಲಿ ಒಂದು ಕಡೆ ಗುಡ್ಡ, ಮೇಲೆ ಮರ, ಆಕಾಶ ಕಾಣುವುದೇ ಒಂದು ಪಟ್ಟಿಯಷ್ಟು. ಎಸ್ಟೇಟಿನಲ್ಲಿ ಸಿಲ್ವರ್ ಓಕ್ ನೆರಳು, ಅದರಲ್ಲೂ ಮಳೆಗೆ ತೊಯ್ದ ಎಲೆ. ಒದ್ದೆ ಎಲೆ ಸಿಗ್ನಲ್ ಅನ್ನು ಹೀರಿಕೊಳ್ಳುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಕೆಳಗಿನ ರಸ್ತೆಯೂ ಮೇಲಿನ ರಸ್ತೆಯೂ ಅಕ್ಕಪಕ್ಕವೇ ಇರುತ್ತವೆ. ಅಲ್ಲಿ ಗಾಡಿ ಕೆಳಗಿದ್ದರೆ ಬಾಣ ಮೇಲಿನ ರಸ್ತೆಗೆ ನೆಗೆದುಬಿಡುತ್ತದೆ. ಗಾಬರಿ ಬೇಡ. ಘಾಟಿಯಲ್ಲಿ ಇರುವುದು ಒಂದೇ ರಸ್ತೆ.

ಇದಕ್ಕಿಂತ ಮುಖ್ಯವಾದದ್ದು ಎಲ್ಲಿ ಆನ್ ಮಾಡುತ್ತೀರಿ ಎಂಬುದು. ಪ್ರತಿ ಉಪಗ್ರಹವೂ ತಾನು ಎಲ್ಲಿದ್ದೇನೆ ಅನ್ನುವ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತಿರುತ್ತದೆ. ನ್ಯಾವಿಗೇಟರ್ ಅದನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಮಧ್ಯೆ ಮರ ಅಡ್ಡ ಬಂದು ಒಂದಿಷ್ಟು ತಪ್ಪಿದರೆ ಮುಂದಿನ ಸುತ್ತಿಗೆ ಕಾಯಬೇಕು. ಆ ವಿವರ ಕೆಲವು ಗಂಟೆ ಮಾತ್ರ ಬಾಳುತ್ತದೆ. ಫೋನು ಇದನ್ನು ಮೊಬೈಲ್ ನೆಟ್‌ವರ್ಕ್ ಮೂಲಕ ತರಿಸಿಕೊಳ್ಳುತ್ತದೆ, ಅದಕ್ಕೇ ಅದು ಬೇಗ. ನ್ಯಾವಿಗೇಟರ್‌ಗೆ ಆ ಅನುಕೂಲ ಇಲ್ಲ. ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟಿದ್ದರಂತೂ ಎಲ್ಲ ಉಪಗ್ರಹಗಳ ಪಟ್ಟಿಯನ್ನೇ ಹೊಸದಾಗಿ ಕೇಳಿಸಿಕೊಳ್ಳಬೇಕಾಗಬಹುದು. ಆ ಪಟ್ಟಿ ಒಂದು ಸುತ್ತು ಬರುವುದಕ್ಕೇ ಹನ್ನೆರಡೂವರೆ ನಿಮಿಷ. ನಾನು ಮನೆ ಅಂಗಳದಲ್ಲಿ ಆನ್ ಮಾಡಿ, ಕಾಫಿ ಕುಡಿದು, ಆಮೇಲೆ ಹೊರಡುತ್ತೇನೆ. ಕಾಡೊಳಗೆ ಹೋಗಿ ಸ್ವಿಚ್ ಹಾಕಿ "ಇದು ಡಬ್ಬಾ" ಅಂತ ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಎಸ್ಟೇಟಿನ ಗೇಟು ಹುಡುಕುವುದು. ಹೆಸರು ಹಾಕಿ ಹುಡುಕುವುದನ್ನು ಬಿಟ್ಟೇಬಿಟ್ಟಿದ್ದೇನೆ. ರೈಟರ್‌ಗೆ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿ ಅನ್ನುತ್ತೇನೆ, ಅದೂ ಗೇಟಿನ ಹತ್ತಿರ ನಿಂತು. ಬಂಗಲೆಯಿಂದ ಕಳಿಸಿದರೆ ನ್ಯಾವಿಗೇಟರ್ ಬಂಗಲೆಗೆ ಹತ್ತಿರದ ರಸ್ತೆ ಹುಡುಕಿ ಗುಡ್ಡದ ಆಚೆ ಬದಿಗೆ ಕರೆದುಕೊಂಡು ಹೋಗುತ್ತದೆ. ಬಂದ ಪಿನ್ ಒತ್ತಿದರೆ ಅಕ್ಷಾಂಶ, ರೇಖಾಂಶದ ಅಂಕಿ ಸಿಗುತ್ತದೆ. ಅದನ್ನೇ ನ್ಯಾವಿಗೇಟರ್‌ಗೆ ಟೈಪ್ ಮಾಡುವುದು.

ಇಲ್ಲೊಂದು ಎಚ್ಚರಿಕೆ. ಫೋನ್ ಕೊಡುವುದು ದಶಮಾಂಶದ ಅಂಕಿ. ನ್ಯಾವಿಗೇಟರ್ ಡಿಗ್ರಿ, ನಿಮಿಷದ ಲೆಕ್ಕದಲ್ಲಿ ಇರಬಹುದು. ಮುಳ್ಳಯ್ಯನಗಿರಿಯನ್ನೇ ತೆಗೆದುಕೊಳ್ಳಿ, ಅದರ ಅಕ್ಷಾಂಶ ಸುಮಾರು 13.39. ಇದನ್ನು 13 ಡಿಗ್ರಿ 39 ನಿಮಿಷ ಅಂತ ಹೊಡೆದರೆ ಸುಮಾರು 29 ಕಿಲೋಮೀಟರ್ ಉತ್ತರಕ್ಕೆ ಹೋಗುತ್ತೀರಿ. ನಿಜವಾದ ಲೆಕ್ಕ 13 ಡಿಗ್ರಿ 23.4 ನಿಮಿಷ. ಪ್ರತಿ ಸಲ ಲೆಕ್ಕ ಹಾಕುತ್ತಾ ಕೂರುವುದು ಬೇಡ, ಸೆಟ್ಟಿಂಗ್‌ನಲ್ಲೇ ದಶಮಾಂಶಕ್ಕೆ ಬದಲಾಯಿಸಿಬಿಡಿ. ಆ ಆಯ್ಕೆ ಇಲ್ಲದ ನ್ಯಾವಿಗೇಟರ್ ನನ್ನ ಕೆಲಸಕ್ಕೆ ಆಗುವುದಿಲ್ಲ. ಅಂಕಿಯನ್ನು ಅರ್ಧಕ್ಕೆ ನಿಲ್ಲಿಸಲೂಬಾರದು. ಚುಕ್ಕೆಯ ನಂತರ 3 ಅಂಕಿ ಹಾಕಿದರೆ ನೂರು ಮೀಟರ್ ಆಚೀಚೆ ಆಗಬಹುದು. 5 ಹಾಕಿದರೆ ಒಂದು ಮೀಟರಿನಷ್ಟು.

ದಾರಿಯ ಸೆಟ್ಟಿಂಗ್‌ನಲ್ಲಿ 'ಹತ್ತಿರದ ದಾರಿ' ಅಂತ ಯಾವತ್ತೂ ಇಡುವುದಿಲ್ಲ. ಇಟ್ಟರೆ ಕಾರ್ಮಿಕರ ಲೈನ್ ಮನೆಗಳ ಹಿಂದಿನ ಜೀಪ್ ದಾರಿಗೆ ನುಗ್ಗಿಸುತ್ತದೆ, ಕೊನೆಗೆ ಬೀಗ ಹಾಕಿದ ಸರಪಳಿ. 'ಬೇಗ ತಲುಪುವ ದಾರಿ' ಇಟ್ಟು, ಮಣ್ಣು ರಸ್ತೆ ಬೇಡ ಅಂತಲೂ ಹೇಳಿರುತ್ತೇನೆ. ಗೇಟು ಹತ್ತಿರ ಬಂದಾಗ ಮಾತ್ರ ಅದನ್ನು ತೆಗೆಯುತ್ತೇನೆ. ತಲುಪುವ ಸಮಯವನ್ನು ನಂಬುವುದಿಲ್ಲ. ಘಾಟಿಯಲ್ಲಿ ಗ್ಯಾಸ್ ಟ್ಯಾಂಕರಿನ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿಯೋ ಚಾರ್ಮಾಡಿಯೋ ಬಂದ್ ಆದರೆ ಈ ಡಬ್ಬಿಗೆ ಗೊತ್ತಾಗುವುದಿಲ್ಲ. ಆನೆ ರಸ್ತೆಗೆ ಇಳಿದಿದ್ದರೂ ಗೊತ್ತಾಗುವುದಿಲ್ಲ. ಅದಕ್ಕೆಲ್ಲ ಹೊರಡುವ ಮುಂಚೆ ಎಸ್ಟೇಟಿಗೆ ಒಂದು ಫೋನ್ ಮಾಡಿ ಕೇಳುವುದೇ ದಾರಿ.

ಕೂರಿಸುವ ಜಾಗ: ಮುಂದಿನ ಗಾಜಿನ ಬಲ ಮೂಲೆಯಲ್ಲಿ, ಕೆಳಗೆ. ರಸ್ತೆಗೆ ಅಡ್ಡ ಬರುವುದಿಲ್ಲ, ಏರ್‌ಬ್ಯಾಗಿನ ದಾರಿಗೂ ಅಡ್ಡ ಇಲ್ಲ. ರಬ್ಬರ್ ಬಟ್ಟಲು ಮಳೆಗಾಲದಲ್ಲಿ ಕಳಚಿ ಬೀಳುತ್ತದೆ. ಗಾಜಿನ ಒಳಗಿನ ತೇವ ಚೆನ್ನಾಗಿ ಒರೆಸಿ ಅಂಟಿಸಬೇಕು. ಒಳಗಿನ ಬ್ಯಾಟರಿಯನ್ನು ನಂಬದೆ ಕಾರಿನ ಸಾಕೆಟ್‌ಗೇ ಸಿಕ್ಕಿಸುತ್ತೇನೆ. ಬಿಸಿಲಿನಲ್ಲಿ ಗಾಡಿ ನಿಲ್ಲಿಸುವಾಗ ಬಿಚ್ಚಿ ಒಳಗೆ ಇಡುವುದು ರೂಢಿ, ಕಾದರೆ ಬ್ಯಾಟರಿ ಉಬ್ಬುತ್ತದೆ.

ವಿದೇಶದಲ್ಲಿರುವ ನೆಂಟರ ಕೈಯಲ್ಲಿ ತರಿಸುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸೌಲಭ್ಯ ಇರುವ ಜಿಪಿಎಸ್‌ಗಳೂ ಬರುತ್ತವೆ. ಅವನ್ನು ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಬರೀ ಸಿಗ್ನಲ್ ಹಿಡಿಯುವ ನ್ಯಾವಿಗೇಟರ್‌ಗೆ ಆ ತೊಂದರೆ ಇಲ್ಲ.

ಗೇಟುಗಳ ಪಟ್ಟಿಯನ್ನು ಸೀಸನ್ ಮುಗಿದ ಮೇಲೆ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳುತ್ತೇನೆ. ಹೋಬಳಿಯ ಹೆಸರು ಮೊದಲು, ಎಸ್ಟೇಟಿನ ಹೆಸರು ಆಮೇಲೆ. ಹಾಗಿದ್ದರೆ ಒಂದೇ ಹೆಸರಿನವು ಗೊಂದಲ ಆಗುವುದಿಲ್ಲ. ನನ್ನದೇ ಕೆಲಸ ಮಾಡುವ ಇಬ್ಬರು ಆ ಫೈಲು ಕೇಳಿದರು. ಪೆಟ್ರೋಲ್ ಬಂಕು, ಬೇರಿಂಗ್ ಅಂಗಡಿ, ವೈಂಡಿಂಗ್ ಅಂಗಡಿ, ಹಳ್ಳಿ ತಿರುವುಗಳನ್ನೆಲ್ಲ ಕೊಟ್ಟೆ. ಗೇಟುಗಳನ್ನು ಕೊಡಲಿಲ್ಲ. ಅವು ಆಯಾ ಎಸ್ಟೇಟಿನವರು ನನ್ನನ್ನು ನಂಬಿ ಕಳಿಸಿದ್ದು. ಬೇಕಾದರೆ ಅವರನ್ನೇ ಕೇಳಿ ತರಿಸಿಕೊಳ್ಳಲಿ.